ಚಡಪಡ ಕಾದ ಕಲ್ಲು

ಉತ್ತರಹಳ್ಳಿಯ ಗಂಗಾಧರಯ್ಯನವರು ಕೂತದ್ದನ್ನು ಕಂಡವರು ಕಡಿಮೆ. ಊಟಕ್ಕೆ ಕೂತರೂ ಒಂದು ಕಾಲು ಏಳಲು ಸಿದ್ಧವಾಗಿಯೇ ಇರುತ್ತದೆ. ಮದುವೆಗೆ ಹೋದರೆ ಛತ್ರದ ಬಾಗಿಲಿಗೂ ಅಡುಗೆಮನೆಗೂ ಸುಮ್ಮನೆ ಓಡಾಡುತ್ತಾರೆ. ಬೀಗರ ಕಡೆಯವರು ಅವರನ್ನು ಅಡುಗೆ ಕಾಂಟ್ರಾಕ್ಟರ್ ಎಂದು ತಿಳಿದು ಇನ್ನೊಂದು ಸೌಟು ಪಾಯಸ ಕೇಳಿದ್ದೂ ಉಂಟು. ಒಂದು ಆಯುಷ್ಯವನ್ನು ಸಿಟಿ ಬಸ್ಸಿನ ಕಂಡಕ್ಟರ್ ಆಗಿ ನಿಂತೇ ಕಳೆದರು. ನಿವೃತ್ತರಾದ ಮೇಲೆ ಆ ಕಾಲುಗಳಿಗೆ ಏನು ಕೆಲಸ ಕೊಡುವುದೆಂಬ ಚಿಂತೆ ಅವರಿಗಿಂತ ಹೆಚ್ಚಾಗಿ ಹೆಂಡತಿ ಮಂಗಮ್ಮನವರಿಗೆ ಹತ್ತಿತು.

ಕೆಲಸವೇನೂ ಇರಲಿಲ್ಲವೆಂದಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಉಳಿದ ತುಂಡಿನಲ್ಲಿ ಎರಡು ಬಾಡಿಗೆ ಮನೆಗಳು ಎದ್ದಿದ್ದವು. ಬೆಳಗ್ಗೆ ಎದ್ದು ಅಲ್ಲಿಯ ಟ್ಯಾಂಕಿನಲ್ಲಿ ನೀರು ಎಷ್ಟಿದೆ ನೋಡುವುದು, ಸಂಜೆ ಮತ್ತೆ ಹೋಗಿ ಅದೇ ನೀರನ್ನು ನೋಡುವುದು. ಬಾಡಿಗೆಯವರು ಬೇಸತ್ತು, "ಅಂಕಲ್, ನೀರು ಖಾಲಿ ಆದ್ರೆ ನಾವೇ ಫೋನ್ ಮಾಡ್ತೀವಿ" ಎಂದರು. ಹೀಗೆ ಎಲ್ಲ ಕಡೆಯಿಂದಲೂ ಬೇಡವಾಗಿ, ಮನೆಯ ಮುಂದಿನ ರಸ್ತೆಯಲ್ಲಿ ಶತಪಥ ತಿರುಗುತ್ತಿದ್ದಾಗ ಒಂದು ದಿನ ವಾಕಿಂಗ್ ಗುಂಪಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹಳೆಯ ಮಕ್ಕಳ ಪುಸ್ತಕವೊಂದರ ಮುಖಪುಟ: ನಾಲ್ಕು ಕಾಲು ಮೂಡಿದ ಬೆಟ್ಟ, ಅದರ ಹಿಂದೆ ಓಡುತ್ತಿರುವ ಮಕ್ಕಳು, ಮುಂದೆ ಕೊಡೆ ಹಿಡಿದ ಒಬ್ಬ ಹುಡುಗಿ. ಕೆಳಗೆ ಯಾರೋ ಕೇಳಿದ್ದರು: "ನಡೆಬೆಟ್ಟದ ಮಕ್ಕಳು ಯಾರಿಗಾದರೂ ನೆನಪಿದ್ದಾರೆಯೇ?"

ಗಂಗಾಧರಯ್ಯನವರು ರಸ್ತೆಯ ನಡುವೆಯೇ ನಿಂತುಬಿಟ್ಟರು. ಹಿಂದಿನಿಂದ ಬಂದ ಆಟೋದವನು ಹಾರನ್ನು ಹೊಡೆದು, ಆಮೇಲೆ ಬಾಯಿಯಿಂದಲೂ ಹೊಡೆದು ಹೋದ.

ಎಪ್ಪತ್ತರ ದಶಕದ ಮೊದಲಲ್ಲಿ ಶಾಲೆಶಾಲೆಗೆ ಬರುತ್ತಿದ್ದ ಆರು ಪುಟ್ಟ ಪುಸ್ತಕಗಳು ಅವು. ರಾತ್ರಿ ಎದ್ದು ನಡೆದುಹೋಗುವ ಬೆಟ್ಟವೊಂದನ್ನು ಹುಡುಕಿಕೊಂಡು ಹೊರಟ ಮಕ್ಕಳ ಕಥೆ. ಬರೆದವರ ಹೆಸರು ಕುಮುದಾಕ್ಷಿ ಎಂದಿತ್ತು, ಅದು ನಿಜವಾದ ಹೆಸರೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳ ಮುಂದಾಳು ಕೊಡೆಯಕ್ಕ. ಜೊತೆಗೆ ಒಂದು ಕ್ಷಣ ಕೂರಲಾರದ ಒಬ್ಬ ಹುಡುಗ, ಚಡಪಡ. ಆರನೆಯ ಪುಸ್ತಕದ ಕೊನೆಯಲ್ಲಿ ಕೊಡೆಯಕ್ಕ ಚಡಪಡನನ್ನು ದನಗಳ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ, ಬೆಟ್ಟ ಎಲ್ಲಿಗೆ ಹೋಯಿತೆಂದು ನೋಡಿ ಬರುತ್ತೇನೆ ಎಂದು ಹೊರಡುತ್ತಾಳೆ. ಕೂರಲಾರದವನು ಕೂರುತ್ತಾನೆ. ಕತ್ತಲಾಗುತ್ತದೆ. 'ಬೆನ್ನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಚಡಪಡ ತಿರುಗಿ ನೋಡಲಿಲ್ಲ.' ಅಲ್ಲಿಗೆ ಪುಸ್ತಕ ಮುಗಿಯಿತು. ಏಳನೆಯದು ಬರಲೇ ಇಲ್ಲ.

ಆ ಹೆಜ್ಜೆ ಯಾರದು, ಕೊಡೆಯಕ್ಕನದೋ ಯಾವುದೋ ರಾಕ್ಷಸನದೋ ಎಂದು ಅರ್ಧ ಶತಮಾನದಿಂದ ತಲೆ ಕೆಡಿಸಿಕೊಂಡವರೆಲ್ಲ ಸೇರಿ 'ನಡೆಬೆಟ್ಟ ಬಳಗ' ಕಟ್ಟಿಕೊಂಡಿದ್ದರು. ಕಟ್ಟಿದವಳು ರಾಜಶ್ರೀ, ಬಾಗಲಕೋಟೆ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಒಂದು ಲ್ಯಾಬಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಊರಿನ ಶಾಲೆಯ ಬೀರುವಿನಲ್ಲಿ ಗೆದ್ದಲು ತಿಂದು ಉಳಿದ ಪುಸ್ತಕಗಳನ್ನು ಓದಿ ಬೆಳೆದಿದ್ದಳು. ಅವಳ ಬಲಗೈ ಜೆಪಿ ನಗರದ ದೀಪಕ್, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಭಾನುವಾರ ಜಯನಗರದ ಪಾರ್ಕೊಂದರಲ್ಲಿ ಸೇರಿ ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು. ಸುಳಿವೆನಿಸಿದ ಮಾತು ಬಂದಲ್ಲಿ ಯಾರಾದರೂ ಕೈ ಎತ್ತುವುದು. ವಾರವಿಡೀ ಅದರ ಬೆನ್ನು ಹತ್ತುವುದು. ಯಾವ ಪ್ರೆಸ್ಸು, ಚಿತ್ರ ಬರೆದವರು ಯಾರು, ಬೆಟ್ಟ ಯಾವ ಊರಿನದು. ಬಳಗಕ್ಕೆ ಒಂದೇ ಕಟ್ಟುನಿಟ್ಟು: ಯಾವ ಮಾತಿಗೂ ಎರಡು ಆಧಾರ ಬೇಕು. ಒಬ್ಬರ ನೆನಪು ಒಂದೇ ಸಾಲದು.

ಗಂಗಾಧರಯ್ಯನವರ ಹತ್ತಿರ ಇದ್ದದ್ದು ಅದೊಂದೇ.

ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವರು ಕುಮುದಾಕ್ಷಿಯನ್ನು ನೋಡಿದ್ದರು. ಹಾಗೆಂದು ಅವರ ನಂಬಿಕೆ. ಊರಿಗೆ ಬರುತ್ತಿದ್ದ ಒಂದೇ ಬಸ್ಸಿನಿಂದ ಕನ್ನಡಕದ ಹೆಂಗಸೊಬ್ಬರು ಕೊಡೆ ಹಿಡಿದು ಇಳಿದರು, ನೀರು ಕೇಳಿದರು. ಕುಡಿದು, "ಇಲ್ಲಿ ನೋಡೋಕೆ ಏನೇನಿದೆ ಮರಿ?" ಎಂದರು. ಅಷ್ಟು ಸಾಕಾಯಿತು. ಗಂಗಾಧರ ಅವರನ್ನು ಕೆರೆ ಏರಿಗೆ ಕರೆದೊಯ್ದ, ಪಾಳು ಬಾವಿ ತೋರಿಸಿದ, ಊರಿನ ಮೂಡಲಿಗಿದ್ದ ಜೋಡಿಬಂಡೆ ತೋರಿಸಿದ. ಅವರು ತೆಳು ಕಾಗದದ ಮೇಲೆ ಏನೇನೋ ಗೀಚಿಕೊಳ್ಳುತ್ತಿದ್ದರು. ಇಳಿಹೊತ್ತಿಗೆ ಅವನನ್ನು ದನದ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ, "ಬಂಡೆ ಮೇಲಿಂದ ಒಂದ್ಸಲ ನೋಡ್ಕೊಂಡು ಬರ್ತೀನಿ. ಬಂದ್ಮೇಲೆ ನಿಂಗೆ ಒಂದು ತೋರಿಸ್ತೀನಿ. ಇಲ್ಲೇ ಇರ್ತೀಯಲ್ಲ?" ಎಂದು ಹತ್ತಿಹೋದರು. ಹುಡುಗ ಬಂಡೆಯ ಮೇಲೆ ಕಣ್ಣು ನೆಟ್ಟು ಕೂತ. ಕಾಲು ನವೆಯಾಡುತ್ತಿದ್ದರೂ ಕೂತ. ಬಂಡೆ ಕಪ್ಪಾಗಿ, ಆಕಾಶಕ್ಕೂ ಅದಕ್ಕೂ ವ್ಯತ್ಯಾಸ ಕಾಣದಂತಾದ ಮೇಲೆ ಅಜ್ಜಿ ಕೆಂಚವ್ವ ಬಂದು ಕಿವಿ ಹಿಡಿದು ಎಬ್ಬಿಸಿದಳು. "ಯಾವ ಹೆಂಗ್ಸು? ಯಾವ ಕೊಡೆ? ಸುಳ್ಳು ಬೊಗಳ್ತೀಯಾ?" ಎಂದು ದಾರಿಯುದ್ದಕ್ಕೂ ಬಡಿದಳು. ಬೆಳಗ್ಗೆ ಓಡಿ ಹೋಗಿ ನೋಡಿದರೆ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ.

ಎರಡು ವರ್ಷ ಕಳೆದು ಆರನೆಯ ಪುಸ್ತಕ ಶಾಲೆಗೆ ಬಂದಾಗ ಹುಡುಗ ಅದರ ಕೊನೆಯ ಪುಟ ಓದಿ ಬೆವೆತುಹೋದ. ಅಂದಿನಿಂದ ಇಂದಿನವರೆಗೂ ಅವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ. ಕಥೆಯಲ್ಲಿ ತನ್ನನ್ನು ಕೂರಿಸುವಷ್ಟು ನೆನಪಿದ್ದಾಕೆ, ಆ ದಿನ ತನ್ನನ್ನು ಮರೆತು ಹೇಗೆ ಹೋದಳು? ಪ್ರಶ್ನೆಯ ಹಿಂದೆ ನೋವಿತ್ತು. ಕಾಯಿಸಿ ಬಾರದೆ ಹೋದವರ ಮೇಲೆ ಮಕ್ಕಳಿಗಾಗುವ ನೋವು ದೊಡ್ಡವರಾದ ಮೇಲೂ ಅಷ್ಟೇ ದೊಡ್ಡದಾಗಿ ಉಳಿಯುತ್ತದೆ. ಆಮೇಲೆ ಅವರು ಯಾರಿಗೂ ಕಾಯಲಿಲ್ಲ. ಡಾಕ್ಟರ ಬಳಿ ಸರದಿ ಬರುವ ಮೊದಲೇ ಎದ್ದು ಬರುತ್ತಿದ್ದರು. ಹೆಣ್ಣು ನೋಡಲು ಹೋದಾಗ ಹುಡುಗಿ ಹೊರಗೆ ಬರುವುದು ತಡವಾಯಿತೆಂದು ಅಂಗಳಕ್ಕಿಳಿದು ಓಡಾಡಿದ್ದನ್ನು ಮಂಗಮ್ಮ ಇಂದಿಗೂ ಆಡಿಕೊಳ್ಳುತ್ತಾರೆ.

ಇದನ್ನೆಲ್ಲ ಅವರು ಉದ್ದುದ್ದ ವಾಯ್ಸ್ ಮೆಸೇಜುಗಳಲ್ಲಿ ಬಳಗಕ್ಕೆ ಹೇಳಿದರು. ಬಳಗ ಮೊದಲು ರೋಮಾಂಚನಗೊಂಡಿತು, ಆಮೇಲೆ ನಕ್ಷೆ ಬಿಚ್ಚಿತು.

ಆರನೆಯ ಪುಸ್ತಕದ ಹಿಂಬದಿಯಲ್ಲಿ ನಡೆಬೆಟ್ಟದ ನಾಡಿನ ಒಂದು ನಕ್ಷೆ ಇತ್ತು. ಅಭಿಮಾನಿಗಳಿಗೆ ಅದು ಪೂಜೆಯ ಪಟ. ಅದರಲ್ಲಿ ಬೆಟ್ಟ ಎಡಗಡೆ, ಪಡುವಣಕ್ಕೆ. ಕೆರೆ ಬಲಗಡೆ, ಮೂಡಣಕ್ಕೆ. ಉತ್ತರಹಳ್ಳಿಯಲ್ಲಿ ಎಲ್ಲವೂ ತಿರುವುಮುರುವು. ಅಷ್ಟೇ ಅಲ್ಲ, ಕಥೆಯಲ್ಲಿ ಸೂರ್ಯ ಪ್ರತಿ ಸಲವೂ ಬೆಟ್ಟದ ಹಿಂದಿನಿಂದ ಹುಟ್ಟುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ನಕ್ಷೆಯಲ್ಲಿ ಏನೋ ತಪ್ಪಿದೆ ಎನ್ನುತ್ತಿದ್ದರು. ಅಭಿಮಾನಿಗಳು ಹಾಗೆನ್ನುವವರಲ್ಲ. ನಡೆಬೆಟ್ಟದ ನಾಡಿನಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ, ಅದು ಕುಮುದಾಕ್ಷಿಯವರ ಗಹನವಾದ ಕಲ್ಪನೆ ಎಂದು ದೀಪಕ್ ಇಪ್ಪತ್ತು ಪುಟದ ಪ್ರಬಂಧ ಬರೆದಿದ್ದ. 'ಪಶ್ಚಿಮದ ಸೂರ್ಯ' ಎಂದು ಟೀ ಶರ್ಟನ್ನೂ ಮಾಡಿಸಿದ್ದರು. ಎಲ್ಲರಿಗೂ ಸಖತ್ ಇಷ್ಟವಾಗಿತ್ತು.

"ಸರ್, ನಿಮ್ಮ ಮಾತು ನಾ ನಂಬ್ತೇನ್ರಿ. ಆದ್ರ ನಕ್ಷೆ ನಂಬವಲ್ದು" ಎಂದಳು ರಾಜಶ್ರೀ.

ದೀಪಕ್ ಇನ್ನೂ ಮೆತ್ತಗೆ ಹೇಳಿದ: "ಆ ಕಾಲದಲ್ಲಿ ಹಳ್ಳಿಗಳನ್ನ ನೋಡೋಕೆ ಬರೋವ್ರು ತುಂಬಾ ಜನ ಇದ್ರು ಸಾರ್. ಪುಸ್ತಕ ಓದಿದ್ಮೇಲೆ ಎರಡೂ ಕಲೆಸಿಕೊಂಡಿರಬೋದು. ನೆನಪು ಹಂಗೆ ಮೋಸ ಮಾಡುತ್ತೆ."

ಮೆತ್ತಗೆ ಹೇಳಿದ್ದರಿಂದಲೇ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೆಂಚವ್ವನಾದರೂ ಸುಳ್ಳು ಬೊಗಳ್ತೀಯಾ ಎಂದಿದ್ದಳು. ಇವರು ಕಾಫಿ ಕೊಟ್ಟು ಅದನ್ನೇ ಹೇಳುತ್ತಿದ್ದಾರೆ ಎನಿಸಿತು ಗಂಗಾಧರಯ್ಯನವರಿಗೆ.

ಅವರು ಬಿಡಲಿಲ್ಲ. ಸುಬ್ರಹ್ಮಣ್ಯಪುರ, ಇಟ್ಟಮಡು ಎಂದು ಅಲೆದು, ತಮ್ಮ ಕಾಲದ ಯಾರಾದರೂ ಆ ಕೊಡೆ ಹೆಂಗಸನ್ನು ಕಂಡಿದ್ದರೇ ಎಂದು ಕೇಳಿದರು. ಕೆಲವರಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿ ಕೇಳುತ್ತಿದ್ದವರು, "ನಿಂಗೇನಯ್ಯ ಬಂತು, ಸುಮ್ನೆ ಮನೇಲಿರೋಕಾಗಲ್ವಾ?" ಎಂದರು. ಸುಮ್ಮನೆ ಮನೆಯಲ್ಲಿರಲು ಆಗುತ್ತಿರಲಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದನ್ನು ನೋಡಿ ಮಂಗಮ್ಮ, "ನೋಡಿ, ಆ ಯಮ್ಮ ಬಂದಿದ್ರೇನು, ಬರ್ದೇ ಇದ್ರೇನು? ನಾನಂತೂ ಬಂದು ನಿಮ್ಮನೇಲೇ ಇದೀನಲ್ಲ" ಎಂದರು. ಅದು ತಮಾಷೆಯೂ ಹೌದು, ಅಲ್ಲವೂ ಹೌದು. ಗಂಗಾಧರಯ್ಯನವರಿಗೆ ನಾಚಿಕೆಯಾಯಿತು. ಆದರೂ ಬೆಳಗಾಗುತ್ತಲೇ ಚಪ್ಪಲಿ ಮೆಟ್ಟಿ ಹೊರಟರು.

ಅಷ್ಟರಲ್ಲಿ ಬಳಗ ತನ್ನ ಸಂಶೋಧನೆಯನ್ನೆಲ್ಲ ಪುಸ್ತಕ ಮಾಡಿ ಅಚ್ಚಿಗೆ ಕಳಿಸಲು ತಯಾರಾಯಿತು. ಕರಡನ್ನು ಎಲ್ಲರಿಗೂ ಕಳಿಸಿದ್ದರು. ಬೆಟ್ಟದ ಮೂಲ ಕನಕಪುರದಾಚೆಯ ಒಂದು ಗುಡ್ಡ ಎಂದು ದೀಪಕ್ ತೀರ್ಮಾನಿಸಿದ್ದ. ಅಲ್ಲಿ ಗುಡ್ಡ ಪಡುವಣಕ್ಕಿತ್ತು, ಕೆರೆ ಮೂಡಣಕ್ಕಿತ್ತು. ಆ ಅಧ್ಯಾಯದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು: 'ಉತ್ತರಹಳ್ಳಿಯ ಹಿರಿಯ ಅಭಿಮಾನಿಯೊಬ್ಬರ ಬಾಲ್ಯದ ನೆನಪು ನಕ್ಷೆಗೆ ಹೊಂದುವುದಿಲ್ಲ.' ಹೆಸರೂ ಇರಲಿಲ್ಲ. ತನ್ನ ಬಾಲ್ಯದಲ್ಲಿ ನಡೆದ ಒಂದೇ ಒಂದು ದೊಡ್ಡ ಸಂಗತಿ ಹೀಗೆ ಇರುವೆಯಷ್ಟು ಅಕ್ಷರಗಳಲ್ಲಿ ಸುಳ್ಳಾಗುವುದನ್ನು ಅವರು ಓದಿದರು. ಸೋಮವಾರ ಅದು ಪ್ರೆಸ್ಸಿಗೆ ಹೋಗುತ್ತಿತ್ತು. ಅಚ್ಚಾದ ಮೇಲೆ ಯಾರು ಕೇಳುತ್ತಾರೆ?

ಭಾನುವಾರ ಪಾರ್ಕಿಗೆ ಹೋಗಬಾರದೆಂದುಕೊಂಡವರು ಎಲ್ಲರಿಗಿಂತ ಮೊದಲು ಹೋಗಿ ಬೇಲಿಗುಂಟ ಸುತ್ತುತ್ತಿದ್ದರು. ಸಭೆಯಲ್ಲಿ ಎದ್ದು ನಿಂತು, "ಆ ಸಾಲು ತೆಗೀರಿ. ನನ್ನ ಮಾತು ಹಾಕ್ದೇ ಇದ್ರೂ ಪರ್ವಾಗಿಲ್ಲ, ಸುಳ್ಳು ಅಂತ ಹಾಕ್ಬೇಡಿ" ಎಂದರು. ದೀಪಕ್ ತಲೆ ತಗ್ಗಿಸಿ, "ಸುಳ್ಳು ಅಂದಿಲ್ಲ ಸಾರ್, ಹೊಂದಲ್ಲ ಅಂದಿರೋದು" ಎಂದ.

ಈ ಮುಜುಗರ ಮುರಿಯಲೆಂದೇ ರಾಜಶ್ರೀ ಎದ್ದಳು. "ಬರ್ರಿ, ಎಲ್ಲಾರೂ ಒಂದು ಫೋಟೋ ತಗೋಳೂಣು. ಪುಸ್ತಕದ ಹಿಂದ ಹಾಕಾಕ ಬೇಕು." ದೀಪಕ್ ಆರನೆಯ ಪುಸ್ತಕದ ನಕ್ಷೆ ಬಿಚ್ಚಿ ಎದೆಗೆ ಹಿಡಿದುಕೊಂಡ. ಉಳಿದವರು ಅವನ ಸುತ್ತ ಒತ್ತಿಕೊಂಡರು. ರಾಜಶ್ರೀ ಮುಂದೆ ನಿಂತು ಕೈ ಉದ್ದ ಮಾಡಿ ಸೆಲ್ಫಿಗೆ ಫೋನು ಹಿಡಿದಳು. ಗಂಗಾಧರಯ್ಯನವರು ಒಲ್ಲದ ಮನಸ್ಸಿನಿಂದ ಒಂದು ತುದಿಯಲ್ಲಿ ನಿಂತು ಆ ಕಾಲಿನಿಂದ ಈ ಕಾಲಿಗೆ ಭಾರ ಬದಲಿಸುತ್ತಿದ್ದರು.

"ಸರ್, ಅಳಗ್ಯಾಡಬ್ಯಾಡ್ರಿ. ಮಾರಿ ಮಸಕಾಗ್ತದ."

ಅವರು ಫೋನಿನ ಪರದೆ ನೋಡಿದರು. ತಮ್ಮ ಬಾಡಿದ ಮುಖ ಕಂಡಿತು. ಪಕ್ಕದಲ್ಲಿ ದೀಪಕ್, ಅವನ ಎದೆಯ ಮೇಲೆ ನಕ್ಷೆ. ಕನ್ನಡಿಯಂತೆ ತೋರಿಸುವ ಆ ಪರದೆಯಲ್ಲಿ ನಕ್ಷೆಯ ಅಕ್ಷರಗಳೆಲ್ಲ ಉಲ್ಟಾ ಆಗಿ, ಒಂದು ಹೆಸರನ್ನೂ ಓದಲು ಬರುವಂತಿರಲಿಲ್ಲ. ಇಷ್ಟು ದಿನ ಅವರು ನಕ್ಷೆಯಲ್ಲಿ ಹೆಸರುಗಳನ್ನೇ ಓದುತ್ತಿದ್ದರು. ಈಗ ಹೆಸರು ಹೋಗಿ ನೆಲ ಮಾತ್ರ ಉಳಿಯಿತು. ಬಲಗಡೆ ಜೋಡಿಬಂಡೆ. ಎಡಗಡೆ ಕೆರೆ, ಏರಿಯ ಮೇಲೆ ಅದೇ ಸೊಟ್ಟ ತಿರುವು. ನಡುವೆ ಬಾವಿ, ತೊಟ್ಟಿ.

"ನಮ್ಮೂರು!" ಎಂದು ಕೂಗಿ ಅವರು ಫೋನಿಗೇ ಕೈ ಹಾಕಿದರು. "ಅಯ್ಯೋ ನೋಡ್ರೀ, ನಮ್ಮೂರಿದು! ಇಲ್ನೋಡಿ, ನಮ್ಮೂರು!"

ಫೋಟೋ ಮಸುಕಾಯಿತು. ಯಾರಿಗೂ ಅದರ ಚಿಂತೆ ಉಳಿಯಲಿಲ್ಲ. ಬಾಯಿಗೊಂದು ಮಾತು ಬಂದು ಗದ್ದಲವಾಯಿತು. ದೀಪಕ್ ಮಾತ್ರ ಸುಮ್ಮನೆ ನಕ್ಷೆಯ ಹಾಳೆಯನ್ನು ತಿರುಗಿಸಿ ಬಿಸಿಲಿಗೆ ಹಿಡಿದು ಹಿಂದಿನಿಂದ ನೋಡಿದ. ಬಹಳ ಹೊತ್ತು ನೋಡಿದ. ಇಪ್ಪತ್ತು ಪುಟದ ಪ್ರಬಂಧ ಬರೆದವನಿಗೆ ಅದು ಸುಲಭವಾಗಿರಲಿಲ್ಲ. ಕೊನೆಗೆ ತಾನೇ ಹೇಳಿದ: "ತೆಳು ಕಾಗದದ ಮೇಲೆ ಬರೆದಿದ್ರು ಅಂದ್ರಿ ಅಲ್ವಾ ಸಾರ್? ಅಚ್ಚಿಗೆ ಬ್ಲಾಕ್ ಮಾಡೋವ್ನು ಕಾಗದ ಮಗುಚಿ ಇಟ್ಟಿದಾನೆ. ಚಿತ್ರ ಉಲ್ಟಾ ಬಂದಿದೆ. ಹೆಸರುಗಳನ್ನ ಆಮೇಲೆ ಬೇರೆ ಅಚ್ಚುಮೊಳೆ ಜೋಡಿಸಿ ಹಾಕಿರೋದ್ರಿಂದ ಅವು ಮಾತ್ರ ನೆಟ್ಟಗಿವೆ." ಆಮೇಲೆ ತನ್ನ ಟೀ ಶರ್ಟನ್ನು ಒಮ್ಮೆ ನೋಡಿಕೊಂಡ. "ಸೂರ್ಯ ಪೂರ್ವದಲ್ಲೇ ಹುಟ್ತಿದ್ದ ಕಣ್ರೀ."

ಎಲ್ಲರೂ ನಕ್ಕರು. ದೀಪಕ್ ಹತ್ತಿರ ಬಂದು ಗಂಗಾಧರಯ್ಯನವರ ಕೈ ಹಿಡಿದುಕೊಂಡು, "ಕ್ಷಮಿಸಿ ಸಾರ್" ಎಂದ. ಅವರು ಅವನ ಬೆನ್ನು ತಟ್ಟಿ, "ಇರ್ಲಿ ಬಿಡಪ್ಪ" ಎಂದರು. ಅಚ್ಚಿಗೆ ಕಳಿಸುವುದನ್ನು ಮುಂದೆ ಹಾಕಿದರು. ದೀಪಕ್ ತನ್ನ ಬಳಿಯಿದ್ದ ಹಳೆಯ ಸರ್ವೆ ನಕ್ಷೆಯನ್ನು ಫೋನಿನಲ್ಲಿ ತೆರೆದ. ಬಂಡೆ, ಕೆರೆ, ಬಾವಿ, ಒಂದೊಂದಾಗಿ ಕೂತವು. ಬೇಕಿದ್ದ ಎರಡನೆಯ ಆಧಾರ ಸಿಕ್ಕಿತ್ತು.

ಒಂದು ಗೆರೆ ಮಾತ್ರ ಹೊಂದಲಿಲ್ಲ. ಪುಸ್ತಕದ ನಕ್ಷೆಯಲ್ಲಿ ಬೆಟ್ಟದ ಬೆನ್ನಿನಿಂದ ಹೊರಟು ಬಳಸಿ ಬಂದು ತೊಟ್ಟಿಯ ಕಲ್ಲಿನ ಬಳಿ ಮುಗಿಯುವ ತುಂಡುತುಂಡು ಗೆರೆ ಒಂದಿತ್ತು. ಹೆಸರಿಲ್ಲದ ಗೆರೆ. ಬಳಗ ಅದನ್ನು ಹಳ್ಳವೆಂದು ಎಣಿಸಿ ಅದಕ್ಕೊಂದು ಹೆಸರನ್ನೂ ಇಟ್ಟಿತ್ತು.

"ಹಳ್ಳ ಎಲ್ಲಿತ್ತು ಸರ್ ಇದು?" ಎಂದಳು ರಾಜಶ್ರೀ.

"ಅಲ್ಲೆಲ್ಲಿ ಹಳ್ಳ? ನಡುವೆ ದಿಬ್ಬ ಇತ್ತಮ್ಮ. ನೀರು ದಿಬ್ಬ ಹತ್ತುತ್ತಾ?" ಎಂದರು ಗಂಗಾಧರಯ್ಯ. "ಅದು ಎತ್ತಿನ ಬಂಡೀ ಜಾಡು. ಬಂಡೆ ಮುಂದ್ಗಡೆಯಿಂದ ಹತ್ತಬೋದು, ಇಳಿಯೋಕಾಗಲ್ಲ, ಜಾರುತ್ತೆ. ಹತ್ತಿದೋರು ಹಿಂದ್ಗಡೆ ಇಳ್ದು, ಆ ಜಾಡು ಹಿಡ್ದು ಸುತ್ತಾಕ್ಕೊಂಡೇ ಬರ್ಬೇಕು. ಹೊಸಬರಿಗಂತೂ ಕತ್ತಲಾಗೋಗುತ್ತೆ. ಊರಲ್ಲಿ ಎಲ್ರಿಗೂ ಗೊತ್ತಿದ್ದಿದ್ದೇ."

ರಾಜಶ್ರೀ ಅವರನ್ನೇ ನೋಡಿದಳು. "ಅವರಿಗೆ ಹೇಳಿದ್ರೇನ್ರಿ ಅವತ್ತು?"

ಗಂಗಾಧರಯ್ಯನವರು ಹೇಳಿರಲಿಲ್ಲ. ಒಂಬತ್ತು ವರ್ಷದ ಹುಡುಗನಿಗೆ, ಅದನ್ನು ಯಾರಿಗಾದರೂ ಹೇಳಬೇಕಾಗುತ್ತದೆಂದು ಹೊಳೆದಿರಲೇ ಇಲ್ಲ.

"ನೀವು ಬಂಡೆ ಕಡೆ ಮಾರಿ ಮಾಡಿ ಕುಂತಿದ್ರಿ" ಎಂದಳು ರಾಜಶ್ರೀ ನಿಧಾನವಾಗಿ. ಗೆರೆಯ ಮೇಲೆ ಬೆರಳಿಟ್ಟು ಬೆಟ್ಟದ ಬೆನ್ನಿನಿಂದ ಎಳೆಯುತ್ತಾ ಬಂದಳು. "ಈ ಹಾದಿ ಬಳಸಿಕೊಂಡು ಬಂದು, ಕಲ್ಲಿನ ಹಿಂದ ಮುಟ್ಟತೈತಿ. ನಿಮ್ಮ ಬೆನ್ನಿಗೆ. ನಡೀಲಾರದ ಹಾದಿ ಯಾರೂ ಬರಿಯೂದಿಲ್ರಿ. ಅವರು ಈ ಕಲ್ಲಿನ ತನಕಾ ನಡಕೊಂತ ಬಂದಾರ." ಅವಳ ಕಣ್ಣು ತುಂಬಿತ್ತು. "ಬೆನ್ನ ಹಿಂದಿನ ಹೆಜ್ಜೆ ಕೊಡೆಯಕ್ಕಂದರಿ ಸರ್. ರಾಕ್ಷಸಂದಲ್ಲ. ಆಕಿ ತಿರುಗಿ ಬಂದಿದ್ಲು."

ಅರ್ಧ ಶತಮಾನದ ಒಗಟು ಬಿಚ್ಚಿತೆಂದು ಬಳಗಕ್ಕೆ ಹಬ್ಬವಾಯಿತು. ಯಾರೋ ಚಪ್ಪಾಳೆ ಹೊಡೆದರು, ಯಾರೋ ಊರಿಗೆ ಫೋನು ಹಚ್ಚಿದರು. ಆ ಗದ್ದಲದಲ್ಲಿ ಗಂಗಾಧರಯ್ಯನವರು ಪಾರ್ಕಿನಿಂದ ಹೊರಗೆ ನಡೆದದ್ದು ರಾಜಶ್ರೀಗೆ ಮಾತ್ರ ಕಂಡಿತು. ಅವಳು ಚೀಲ ಎತ್ತಿಕೊಂಡು ಹಿಂದೆ ಓಡಿದಳು. ಇಬ್ಬರೂ ಉತ್ತರಹಳ್ಳಿಯ ಬಸ್ಸು ಹತ್ತಿದರು. ಸೀಟು ಖಾಲಿಯಿದ್ದರೂ ಅವರು ನಿಂತೇ ಇದ್ದರು. ಕದಿರೇನಹಳ್ಳಿ ದಾಟುವಾಗ ಒಮ್ಮೆ, "ಅಜ್ಜಿ ಇನ್ನೊಂಚೂರು ತಡವಾಗಿ ಬಂದಿದ್ರೆ" ಎಂದರು.

ಜೋಡಿಬಂಡೆ ಈಗ ಜಲ್ಲಿಯಾಗಿ ಯಾವ ಯಾವ ಮನೆಗಳ ತಾರಸಿಯಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ತೊಟ್ಟಿಯಿದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿದೆ. ಕಲ್ಲು ಇದ್ದ ಜಾಗಕ್ಕೆ ಸರಿಯಾಗಿ ಅದರ ಗೇಟು, ಗೇಟಿನ ಪಕ್ಕ ಸೆಕ್ಯೂರಿಟಿಯವನ ಪ್ಲಾಸ್ಟಿಕ್ ಕುರ್ಚಿ. ಗಂಗಾಧರಯ್ಯನವರು ಆ ದಾರಿಯಲ್ಲಿ ಸಾವಿರ ಸಲ ಓಡಾಡಿದ್ದರು, ನಿಂತಿರಲಿಲ್ಲ. ಇವತ್ತು ನಿಂತರು. ಬಂಡೆಯಿದ್ದ ಕಡೆ ನೋಡಿದರು. ಅಲ್ಲಿ ನಾಲ್ಕನೆಯ ಮಹಡಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಆಮೇಲೆ, ಹುಡುಗನಾಗಿದ್ದಾಗ ಒಮ್ಮೆಯೂ ಮಾಡದಿದ್ದ ಕೆಲಸ ಮಾಡಿದರು. ತಿರುಗಿ ಹಿಂದೆ ನೋಡಿದರು. ಬಂಡೀ ಜಾಡಿನ ಮೇಲೆ ಟಾರು ಬಿದ್ದು, ಅದರ ಮೇಲೆ ಸ್ಕೂಟರುಗಳು ಹೋಗುತ್ತಿದ್ದವು.

"ಇಷ್ಟು ವರ್ಷ ಆ ಯಮ್ಮನ್ನ ಬೈಕೊಂಡು ಓಡಾಡಿದೀನಿ ಕಣಮ್ಮ" ಎಂದರು. "ಕತ್ತಲಲ್ಲಿ, ಗೊತ್ತಿಲ್ದಿರೋ ಊರಲ್ಲಿ, ಅಷ್ಟು ದೂರ ಬಳಸ್ಕೊಂಡು ಬಂದು ನೋಡಿದ್ರೆ ಕಲ್ಲು ಖಾಲಿ. ಎಷ್ಟು ಬೇಜಾರಾಗಿರ್ಬೇಕು."

"ಅದಕ್ಕ ಕಥಿಯೊಳಗ ನಿಮ್ಮನ್ನ ಅಲ್ಲೇ ಕುಂದ್ರಿಸ್ಯಾರ" ಎಂದಳು ರಾಜಶ್ರೀ.

ಅವರು ಸೆಕ್ಯೂರಿಟಿಯವನಿಗೆ, "ಒಂಚೂರು ಕೂತ್ಕೋಬೋದಾ?" ಎಂದು ಕೇಳಿದರು. ಅವನು ಕುರ್ಚಿ ಒರೆಸಿ ಕೊಟ್ಟ. ಗಂಗಾಧರಯ್ಯನವರು ಕೂತರು. ಎರಡೂ ಕಾಲು ನೆಲಕ್ಕೂರಿ, ಕೈ ತೊಡೆಯ ಮೇಲಿಟ್ಟು ಕೂತರು. ರಾಜಶ್ರೀ ಗೋಡೆಗೊರಗಿ ನಿಂತಳು. ಒಂದು ನೀರಿನ ಟ್ಯಾಂಕರು ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬಂತು. ಅವರು ಏಳಲಿಲ್ಲ. ಮಂಗಮ್ಮನ ಫೋನು ಬಂತು, ಬಡಿದುಕೊಂಡು ಸುಮ್ಮನಾಯಿತು. ಆಗಲೂ ಏಳಲಿಲ್ಲ.

ಸೆಕ್ಯೂರಿಟಿಯವನಿಗೆ ಕೊನೆಗೆ ಕೇಳದೆ ಇರಲಾಗಲಿಲ್ಲ. "ಯಾರಿಗಾದ್ರೂ ಕಾಯ್ತಾ ಇದ್ದೀರಾ ಸಾರ್?"

"ಇಲ್ಲಪ್ಪ" ಎಂದರು ಗಂಗಾಧರಯ್ಯ. "ಅವ್ರು ಬಂದು ಹೋದ್ರು."